ಬಟ್ಟೆಯ ಮೇಲೆ ಮೇಣ ಬಿದ್ದರೆ ಏನು ಮಾಡಬೇಕು?

ಈಗ ಹಳ್ಳಿಯ ಮನೆಗಳಿಗೂ ವಿದ್ಯುದ್ದೀಪ ಬಂದಿದೆ. ಆದರೂ ಗಾಳಿಮಳೆಗೆ ಕರೆಂಟು ಹೋದ ರಾತ್ರಿ ಗೂಡಿನಲ್ಲಿಟ್ಟ ಮೇಣದ ಬತ್ತಿಯನ್ನು ತಡಕಾಡುವುದು ತಪ್ಪಿಲ್ಲ. ಕತ್ತಲಲ್ಲಿ ಬತ್ತಿ ಹಿಡಿದು ಅತ್ತಿತ್ತ ಓಡಾಡುವಾಗ ನಾಲ್ಕು ಹನಿ ಮೇಣ ಹಾಸಿಗೆಯ ಮೇಲೋ, ಪಂಚೆಯ ಮೇಲೋ, ಸೀರೆಯ ಸೆರಗಿನ ಮೇಲೋ ಬೀಳುವುದು ಸಹಜ. ಮದುವೆ ಮನೆಯಲ್ಲಿ ಹೀಗಾದರಂತೂ ಹೇಳತೀರದು. ವರ್ಷಕ್ಕೆ ಎರಡು ಬಾರಿ ಮಾತ್ರ ಪೆಟ್ಟಿಗೆಯಿಂದ ಹೊರಬರುವ ರೇಷ್ಮೆ ಸೀರೆಯ ಮೇಲೇ ಅದು ಬಿದ್ದಿರುತ್ತದೆ. ಒಳ್ಳೆಯ ರೇಷ್ಮೆ ಸೀರೆಯೊಂದರ ಬೆಲೆಗೆ ಒಂದು ಮೇಕೆ ಕೊಳ್ಳಬಹುದು. ಆದ ಕಾರಣ ಇದು ಹೆಂಗಸರ ಚಿಲ್ಲರೆ ಚಿಂತೆ ಎಂದು ರೈತರು ಈ ಪುಟವನ್ನು ಮಗುಚಿ ಹಾಕಕೂಡದು.

ಮೊದಲು ಒಂದು ಸಮಾಧಾನದ ಮಾತು. ಮೇಣ ಬಿದ್ದ ಮಾತ್ರಕ್ಕೆ ಬಟ್ಟೆ ಕೆಡುವುದಿಲ್ಲ. ಅದು ಬಣ್ಣವನ್ನು ತಿನ್ನುವುದಿಲ್ಲ, ನೂಲನ್ನು ಸುಡುವುದೂ ಅಪರೂಪ. ಒಂದು ವಾರ ಹಾಗೆಯೇ ಬಿಟ್ಟರೂ ಮೊದಲ ದಿನ ಇದ್ದಂತೆಯೇ ಇರುತ್ತದೆ. ಬಟ್ಟೆ ಹಾಳಾಗುವುದು ಹೆಚ್ಚಾಗಿ ಗಾಬರಿಯಿಂದ ಉಜ್ಜುವುದರಿಂದ, ಸೋಡಾ ಹಾಕಿ ಕುದಿಸುವುದರಿಂದ, ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ನೇರವಾಗಿ ಒತ್ತುವುದರಿಂದ. ಪೆಟ್ರೋಲು ಸವರಲು ಹೋಗಿ ಬಟ್ಟೆಯ ಜೊತೆಗೆ ಕೈಯನ್ನೂ ಸುಟ್ಟುಕೊಳ್ಳುವವರಿದ್ದಾರೆ.

ಸೋಪು ಏಕೆ ನಾಟುವುದಿಲ್ಲ?

ಅಂಗಡಿಯಲ್ಲಿ ಸಿಗುವ ಬತ್ತಿಯ ಮೇಣ ಬಹುಮಟ್ಟಿಗೆ ಪ್ಯಾರಾಫಿನ್. ಇದು ನೆಲದೊಳಗಿನ ಕಚ್ಚಾ ಎಣ್ಣೆಯಿಂದ ಬರುವ ವಸ್ತು. ಪೆಟ್ರೋಲು, ಸೀಮೆಎಣ್ಣೆಗಳ ಸಂಬಂಧಿ. ನೀರಿಗೂ ಇದಕ್ಕೂ ಆಗಿಬರುವುದಿಲ್ಲ. ಸೋಪಾದರೋ ದ್ರವವಾಗಿರುವ ಜಿಡ್ಡನ್ನು ಸಣ್ಣ ಸಣ್ಣ ಕಣವಾಗಿ ಒಡೆದು ನೀರಿಗೆ ಬಿಡಿಸಬಲ್ಲದೇ ಹೊರತು, ಗಟ್ಟಿಯಾಗಿ ಕಚ್ಚಿಕೊಂಡ ಮೇಣದ ತುಂಡನ್ನು ಅಲುಗಿಸಲಾರದು. ಹಾಗಾದರೆ ಬಟ್ಟೆಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ನೆನೆಸಿದರಾಯಿತಲ್ಲ ಎಂದು ಕೇಳಬಹುದು. ಮೇಣ ಕರಗುತ್ತದೆ, ನಿಜ. ಆದರೆ ಕರಗಿ ನೀರಿನ ಮೇಲೆ ತೇಲುತ್ತದೆ. ನೀರು ಆರಿದೊಡನೆ ಎತ್ತಿದ ಬಟ್ಟೆಗೇ ತೆಳ್ಳಗೆ ಮೆತ್ತಿಕೊಳ್ಳುತ್ತದೆ. ಮೊದಲು ಒಂದು ಕಡೆ ಇದ್ದ ಕಲೆ ಈಗ ಇಡೀ ಬಟ್ಟೆಗೆ ಹರಡಿದಂತಾಯಿತು.

ಮೇಣ ಸುಮಾರು 50ರಿಂದ 65 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು, ಮುಂದಿನ ಉಪಾಯಗಳೆಲ್ಲ ತಾನೇ ತಿಳಿಯುತ್ತವೆ. ಮೇಣವನ್ನು ಕರಗಿಸಲು ಕುದಿಯುವ ನೀರಿನಷ್ಟು ಬಿಸಿ ಧಾರಾಳವಾಯಿತು. ಕೆಂಡದಷ್ಟು ಬಿಸಿ ಬೇಕಿಲ್ಲ.

ಇನ್ನೊಂದು ವಿಷಯ. ಬತ್ತಿ ಉರಿಯುವುದು ಹೇಗೆ? ಕರಗಿದ ಮೇಣವನ್ನು ನಡುವಿನ ನೂಲು ಮೇಲಕ್ಕೆ ಹೀರುತ್ತದೆ, ಅದು ಆವಿಯಾಗಿ ಉರಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ 1848ರಲ್ಲಿಯೂ ಮತ್ತೆ 1860-61ರ ಚಳಿಗಾಲದಲ್ಲಿಯೂ ಲಂಡನ್ನಿನಲ್ಲಿ ಮಕ್ಕಳ ಮುಂದೆ ನಿಂತು ಒಂದು ಮೇಣದ ಬತ್ತಿಯನ್ನೇ ವಿಷಯವಾಗಿಟ್ಟುಕೊಂಡು ಸಾಲು ಸಾಲು ಉಪನ್ಯಾಸ ಕೊಟ್ಟನು. ಅವನು ತೋರಿಸಿದ ಸಂಗತಿಗಳಲ್ಲಿ ಈ ಹೀರುವಿಕೆಯೂ ಒಂದು. ನಮ್ಮ ಬಟ್ಟೆಯಲ್ಲಿ ಆಗುವುದೂ ಅದೇ. ಬಿಸಿ ಮೇಣ ಬಿದ್ದಾಗ ಬಟ್ಟೆಯ ನೂಲುಗಳು ಬತ್ತಿಯ ನೂಲಿನಂತೆ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಅದನ್ನು ಹೊರಕ್ಕೆ ತರಬೇಕಾದರೆ ಬಟ್ಟೆಗೆ ಒತ್ತಿ ಇನ್ನೊಂದು ಒಣ ವಸ್ತುವನ್ನು, ಅಂದರೆ ಕಾಗದವನ್ನೋ ಹಳೆಯ ಅರಿವೆಯನ್ನೋ ಇಟ್ಟು, ಮೇಣವನ್ನು ಮತ್ತೆ ಕರಗಿಸಿ ಅದಕ್ಕೆ ಹೀರಿಸಬೇಕು.

ಮೊದಲು ಆರಲಿ, ಆಮೇಲೆ ಕೆರೆಯಿರಿ

ಮೇಣ ಬಿದ್ದ ಕೂಡಲೇ ಕೈಯಿಂದ ಒರೆಸಬೇಡಿ. ಬಿಸಿ ಮೇಣವನ್ನು ಒರೆಸಿದರೆ ಅದು ನೂಲಿನೊಳಕ್ಕೆ ಇನ್ನೂ ಇಳಿಯುತ್ತದೆ. ಸುಮ್ಮನೆ ಆರಲು ಬಿಡಿ. ಪೂರ್ತಿ ಗಟ್ಟಿಯಾದ ಮೇಲೆ ತಣ್ಣಗೆ ಮಾಡಿದಷ್ಟೂ ಒಳ್ಳೆಯದು. ತಣ್ಣಗಾದ ಮೇಣ ಪುಡಿಪುಡಿಯಾಗಿ ಒಡೆಯುತ್ತದೆ. ಮನೆಯಲ್ಲಿ ಫ್ರಿಜ್ಜು ಇದ್ದರೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಐಸು ಕಟ್ಟುವ ಅರೆಯಲ್ಲಿ ಅರ್ಧ ಗಂಟೆ ಇಡಿ. ಇಲ್ಲದಿದ್ದರೆ ಸೋಡಾ ಅಂಗಡಿಯಿಂದ ಐಸು ತಂದು ಚೀಲದಲ್ಲಿ ಕಟ್ಟಿ ಮೇಣದ ಮೇಲಿಡಿ. ಅದೂ ಸಿಗದಿದ್ದರೆ ಮಣ್ಣಿನ ಗಡಿಗೆಯ ನೀರು ತುಂಬಿದ ಲೋಟವಾದರೂ ಆದೀತು. ಮುಂಜಾನೆಯ ತಂಪಿನಲ್ಲಿ ಈ ಕೆಲಸ ಮಾಡುವುದು ಇನ್ನೂ ಸುಲಭ.

ಆಮೇಲೆ ಬಟ್ಟೆಯನ್ನು ಮಣೆಯ ಮೇಲೆ ಬಿಗಿಯಾಗಿ ಹಾಸಿ, ಚಮಚದ ಅಂಚಿನಿಂದಲೋ, ಚಾಕುವಿನ ಬೆನ್ನಿನಿಂದಲೋ, ನಯಮಾಡಿದ ಬಿದಿರ ಸೀಳಿನಿಂದಲೋ ಮೇಣವನ್ನು ಮೆಲ್ಲಗೆ ಎಬ್ಬಿಸಿ. ಕುಡುಗೋಲು, ಬ್ಲೇಡು ಬೇಡ. ಕಸೂತಿ ಇರುವ ಕಡೆ ಉಗುರು ಕೂಡ ಹಾಕಬಾರದು. ಅಲ್ಲಿ ಬಟ್ಟೆಯನ್ನು ಹಿಂದಿನಿಂದ ಬೆರಳಿನಲ್ಲಿ ಒತ್ತಿ ಬಾಗಿಸಿದರೆ ಮೇಣ ತಾನೇ ಬಿರಿದು ಬೀಳುತ್ತದೆ. ಕಲೆಯ ಮುಕ್ಕಾಲು ಪಾಲು ಇಲ್ಲಿಯೇ ಹೋಗುತ್ತದೆ. ಉಳಿಯುವುದು ಎಣ್ಣೆ ಚೆಲ್ಲಿದಂತೆ ಕಾಣುವ ಒಂದು ಕಪ್ಪು ಮಚ್ಚೆ. ಮುಂದಿನ ಕೆಲಸವೆಲ್ಲ ಈ ಮಚ್ಚೆಗಾಗಿ.

ಚೊಂಬಿನ ಇಸ್ತ್ರಿ

ಪೇಟೆಯ ಪುಸ್ತಕಗಳಲ್ಲಿ ಇಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಉಪಯೋಗಿಸಲು ಹೇಳುತ್ತಾರೆ. ವಿದ್ಯುತ್ ಇಸ್ತ್ರಿಯಲ್ಲಿ ಶಾಖವನ್ನು ಕಡಿಮೆಗೆ ಇಡುವ ತಿರುಪು ಇರುವುದರಿಂದ ಅದು ಸರಿ. ಕೆಂಡದ ಪೆಟ್ಟಿಗೆಗೆ ಅಂಥ ತಿರುಪು ಇಲ್ಲ; ಅದರ ಶಾಖ ಎಷ್ಟೆಂದು ಹತ್ತಿದ ಮೇಲೆಯೇ ತಿಳಿಯುವುದು. ನಮ್ಮ ಅಜ್ಜಿಯರು ಪಂಚೆಯ ಸುಕ್ಕು ತೆಗೆಯಲು ಬಳಸುತ್ತಿದ್ದ ಬಿಸಿನೀರಿನ ಚೊಂಬೇ ಈ ಕೆಲಸಕ್ಕೆ ಅದಕ್ಕಿಂತ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ಕಾರಣ ಸರಳ. ಚೊಂಬಿನೊಳಗೆ ನೀರಿರುವ ತನಕ ಅದರ ತಳ 100 ಡಿಗ್ರಿಯನ್ನು ಮೀರುವಂತಿಲ್ಲ. ಮೇಣ ಕರಗುತ್ತದೆ, ಬಟ್ಟೆ ಸುಡುವುದಿಲ್ಲ.

ತಳ ಚಪ್ಪಟೆಯಾಗಿರುವ ಹಿತ್ತಾಳೆಯ ಅಥವಾ ಸ್ಟೀಲಿನ ಚೊಂಬೊಂದನ್ನು ಆರಿಸಿ, ತಳವನ್ನು ಮಸಿ ಇಲ್ಲದಂತೆ ತಿಕ್ಕಿ ಒರೆಸಿ. ಚೊಂಬನ್ನು ಒಲೆಯ ಮೇಲಿಡಬೇಡಿ. ಬೇರೆ ಪಾತ್ರೆಯಲ್ಲಿ ಕುದಿಸಿದ ನೀರನ್ನು ಮುಕ್ಕಾಲು ಮಟ್ಟಕ್ಕೆ ಸುರಿಯಿರಿ. ಮಣೆಯ ಮೇಲೆ ನಾಲ್ಕು ಮಡಿಕೆ ಹಳೆಯ ಬಿಳಿ ಅರಿವೆ, ಅದರ ಮೇಲೆ ಹೀರುವ ಕಾಗದ, ಅದರ ಮೇಲೆ ಕಲೆಯಾದ ಬಟ್ಟೆ, ಬಟ್ಟೆಯ ಮೇಲೆ ಮತ್ತೆ ಕಾಗದ. ಈಗ ಚೊಂಬಿನ ಕಂಠವನ್ನು ಬಟ್ಟೆ ಸುತ್ತಿದ ಕೈಯಿಂದ ಹಿಡಿದು ಕಾಗದದ ಮೇಲೆ ಒತ್ತಿ ಇಡಿ. ಎಳೆದಾಡಬಾರದು. ಹತ್ತು ಎಣಿಸುವಷ್ಟರಲ್ಲಿ ಕಾಗದದ ಮೇಲೆ ಜಿಡ್ಡಿನ ಗುರುತು ಮೂಡುತ್ತದೆ. ಆ ಕಾಗದವನ್ನು ಸರಿಸಿ ಒಣಗಿದ ಭಾಗವನ್ನು ತನ್ನಿ, ಮತ್ತೆ ಒತ್ತಿ. ಕಾಗದಕ್ಕೆ ಗುರುತು ಬೀಳುವುದು ನಿಂತಾಗ ಮೇಣ ಬಂದಂತೆ. ನೀರು ಆರಿದರೆ ಬದಲಾಯಿಸಿ. ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ಕುದಿನೀರಿನ ಚೊಂಬು ಮಗುಚಿದರೆ ಆಗುವ ಅನಾಹುತಕ್ಕೆ ಯಾವ ಸೀರೆಯೂ ಸಮವಲ್ಲ.

ಕಾಗದದ ಬಗ್ಗೆ ಎರಡು ಮಾತು ಹೇಳಬೇಕು. ವೃತ್ತಪತ್ರಿಕೆಯ ಕಾಗದ ಚೆನ್ನಾಗಿ ಹೀರುತ್ತದೆ, ಆದರೆ ಬಿಸಿಗೆ ಅದರ ಮಸಿ ಬಿಟ್ಟು ಬಿಳಿ ಬಟ್ಟೆಗೆ ಅಕ್ಷರ ಮೂಡೀತು. ಅಚ್ಚಿಲ್ಲದ ಅಂಚುಗಳನ್ನು ಕತ್ತರಿಸಿಕೊಳ್ಳಿ, ಇಲ್ಲವೆ ಕಿರಾಣಿ ಅಂಗಡಿಯ ಒರಟು ಖಾಕಿ ಕಾಗದ ಉಪಯೋಗಿಸಿ. ಕ್ಯಾಲೆಂಡರಿನ ನುಣುಪು ಕಾಗದ ಏನನ್ನೂ ಹೀರುವುದಿಲ್ಲ. ಒಳಮೈಗೆ ಪ್ಲಾಸ್ಟಿಕ್ ಬಳಿದ ಪೊಟ್ಟಣದ ಕಾಗದವನ್ನಂತೂ ಇಸ್ತ್ರಿಯ ಕೆಳಗೆ ಇಡಲೇಕೂಡದು. ಅದು ಕರಗಿ ಬಟ್ಟೆಗೆ ಅಂಟಿದರೆ ಮೇಣಕ್ಕಿಂತ ದೊಡ್ಡ ಪೀಡೆ. ಏನೂ ಸಿಗದಿದ್ದರೆ ಸವೆದ ಹತ್ತಿ ಪಂಚೆಯ ತುಂಡುಗಳೇ ಸಾಕು.

ಯಾವ ಬಟ್ಟೆಗೆ ಯಾವ ಉಪಚಾರ?

ಹತ್ತಿಯ ಬಿಳಿ ಬಟ್ಟೆ ಗಟ್ಟಿ ಜೀವ. ಪಂಚೆ, ಟವಲು, ಹಾಸಿಗೆಯ ಹೊದಿಕೆಗಳಿಗೆ ಚೊಂಬಿನ ಕಷ್ಟವೂ ಬೇಡ. ಕಲೆಯಾದ ಭಾಗವನ್ನು ಮೇಣದ ಮುಖ ಕೆಳಗಾಗುವಂತೆ ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿ, ಒಂದು ಗೇಣು ಎತ್ತರದಿಂದ ಕುದಿಯುವ ನೀರನ್ನು ಸಣ್ಣ ಧಾರೆಯಾಗಿ ಸುರಿಯಿರಿ. ಮೇಣ ಕರಗಿ ನೀರಿನೊಡನೆ ಪಾತ್ರೆಗೆ ಇಳಿಯುತ್ತದೆ. ನೀರು ಕಟ್ಟಿದ ಬಟ್ಟೆಯ ಮಟ್ಟಕ್ಕೆ ಏರದಂತೆ ನೋಡಿಕೊಳ್ಳಿ. ಕೂಡಲೇ ಬಟ್ಟೆಯನ್ನು ಬಿಚ್ಚಿ ಬೇರೆ ಬಿಸಿನೀರಿನಲ್ಲಿ ಸೋಪು ಹಾಕಿ ಒಗೆಯಿರಿ. ಪಾತ್ರೆಯ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ. ಮೇಣ ಕೊಳವೆಯೊಳಗೆ ಆರಿ ಕಟ್ಟಿಕೊಳ್ಳುತ್ತದೆ. ಆರಲು ಬಿಟ್ಟರೆ ಮೇಲೆ ಹಪ್ಪಳದಂತೆ ಕೆನೆಗಟ್ಟುತ್ತದೆ, ಎತ್ತಿ ತೆಗೆಯಬಹುದು. ಬಾಟಿಕ್ ಕೆಲಸದವರು ಬಟ್ಟೆಯ ಮೇಲೆ ಬೇಕೆಂದೇ ಮೇಣದ ಚಿತ್ರ ಬರೆದು, ಬಣ್ಣಕ್ಕೆ ಅದ್ದಿ, ಕೊನೆಗೆ ಆ ಮೇಣವನ್ನು ತೆಗೆಯುವುದೂ ಕುದಿನೀರಿನಿಂದಲೇ.

ಬಣ್ಣದ ಹತ್ತಿಗೆ ಇದನ್ನು ಮಾಡುವ ಮುನ್ನ ಒಳಮಡಿಕೆಯ ಒಂದು ಮೂಲೆಯನ್ನು ಬಿಸಿನೀರಿಗೆ ಅದ್ದಿ ಬಿಳಿ ಅರಿವೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಚೊಂಬಿನ ದಾರಿಯೇ ಗತಿ. ಇಳಕಲ್ ಸೀರೆಯಲ್ಲಿ ಇನ್ನೊಂದು ತೊಡಕಿದೆ. ಅದರ ಸೆರಗನ್ನು ಬೇರೆಯಾಗಿ ಹೂಡಿ ಒಡಲಿನ ನೂಲಿಗೆ ಕೊಂಡಿ ಹಾಕಿ ನೇಯುತ್ತಾರೆ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದಾಗಿರಬಹುದು. ಒಂದೇ ಸೀರೆಯಾದರೂ ಕಲೆ ಎಲ್ಲಿ ಬಿದ್ದಿದೆ ಎಂದು ನೋಡಿ ಉಪಚಾರ ಮಾಡಬೇಕು.

ರೇಷ್ಮೆಯ ವಿಷಯಕ್ಕೆ ಬರೋಣ. ಹಿಪ್ಪುನೇರಳೆ ಬೆಳೆದು ಗೂಡು ಮಾರುವ ರೈತರಿಗೆ ಇದನ್ನು ವಿವರಿಸುವುದು ಸುಲಭ. ಗೂಡಿನ ಎಳೆಯಲ್ಲಿ ಎರಡು ಭಾಗವಿದೆ: ಒಳಗಿನ ನಿಜವಾದ ರೇಷ್ಮೆ, ಅದರ ಸುತ್ತ ಸೆರಿಸಿನ್ ಎಂಬ ಅಂಟು. ನೂಲು ಬಿಚ್ಚುವಾಗ ಬಿಸಿನೀರು ಈ ಅಂಟನ್ನು ಮೆತ್ತಗೆ ಮಾಡುತ್ತದೆ. ನೇಯ್ಗೆಗೆ ಸಿದ್ಧಮಾಡುವಾಗ ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಅದನ್ನು ಪೂರ್ತಿ ತೆಗೆಯುತ್ತಾರೆ. ಅಳತೆ ತಪ್ಪಿದರೆ ಅದೇ ಸೋಡಾ ಒಳಗಿನ ರೇಷ್ಮೆಯನ್ನೂ ತಿನ್ನತೊಡಗುತ್ತದೆ. ಮನೆಯಲ್ಲಿ ಅಳತೆಯಿಲ್ಲದೆ ಬಟ್ಟೆಸೋಡಾ ಹಾಕಿ ಸೀರೆಯನ್ನು ಕುದಿಸಿದರೆ ಹೊಳಪು ಹೋಗಿ ಎಳೆ ಜೀರ್ಣವಾಗುವುದು ಇದರಿಂದಲೇ. ಆದುದರಿಂದ ರೇಷ್ಮೆಗೆ ಕುದಿನೀರು, ಸೋಡಾ, ಬ್ಲೀಚಿಂಗ್ ಪುಡಿ ಈ ಮೂರೂ ನಿಷಿದ್ಧ. ಕೆರೆದು ತೆಗೆದು, ಚೊಂಬಿನಿಂದ ಹೀರಿಸಿ, ಅಲ್ಲಿಗೆ ನಿಲ್ಲಿಸಿ. ಚೊಂಬಿನ ಹೊರಮೈಯಲ್ಲಿ ನೀರಿನ ಹನಿ ಇರಬಾರದು. ರೇಷ್ಮೆಯ ಮೇಲೆ ನೀರಿನ ಗುರುತೂ ಉಳಿಯುತ್ತದೆ. ಜರಿಯ ಮೇಲೆ ಬಿದ್ದಿದ್ದರೆ ಇನ್ನೂ ಎಚ್ಚರ. ಈಗಿನ ಅಗ್ಗದ ಜರಿ ಎಷ್ಟೋ ಸಲ ಲೋಹದ ಬಣ್ಣ ಕೊಟ್ಟ ಪ್ಲಾಸ್ಟಿಕ್ ಎಳೆ. ಇಸ್ತ್ರಿಯ ಬಿಸಿಗೆ ಮುದುಡಿಕೊಳ್ಳುತ್ತದೆ. ಬೆಲೆಬಾಳುವ ಸೀರೆಯಾದರೆ ಮೇಣವನ್ನು ಕೆರೆಯುವಷ್ಟನ್ನು ಮಾತ್ರ ಮಾಡಿ ಪೇಟೆಯ ಡ್ರೈಕ್ಲೀನಿಂಗ್ ಅಂಗಡಿಗೆ ಕೊಡುವುದು ಲೇಸು. ಕಲೆ ಮೇಣದ್ದೆಂದು ಬಾಯಿಬಿಟ್ಟು ಹೇಳಿ ಕೊಡಬೇಕು. ಹೇಳದಿದ್ದರೆ ಅವನು ಸುಮ್ಮನೆ ಬಿಸಿ ಇಸ್ತ್ರಿ ಒತ್ತಿಯಾನು.

ಕಂಬಳಿ ಬೇರೆಯೇ ಜಾತಿ. ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಕೂದಲು ಒಂದಕ್ಕೊಂದು ಹೆಣೆದುಕೊಂಡು ಕುಗ್ಗುತ್ತದೆ. ನಾಲ್ಕು ಮೊಳದ್ದು ಮೂರೂವರೆಗೆ ಬಂದೀತು. ಚಳ್ಳಕೆರೆ ಕಡೆಯ ಕಂಬಳಿಗೆ ನೇಯುವವರು ಹುಣಸೆಬೀಜದ ಗಂಜಿ ಕೊಟ್ಟಿರುತ್ತಾರೆ, ಬಿಸಿನೀರಿಗೆ ಹಾಕಿದರೆ ಆ ಬಿಗುಪೂ ಹೋಗುತ್ತದೆ. ಕಂಬಳಿಯಲ್ಲಿ ಮೇಣ ಮೇಲುಮೇಲೆಯೇ ನಿಂತಿರುವುದರಿಂದ ಮುರಿದು, ತೆಂಗಿನ ನಾರಿನ ಕುಂಚದಿಂದ ಎಳೆಯ ದಿಕ್ಕಿಗೆ ಗುಡಿಸಿದರೆ ಹೆಚ್ಚಿನದು ಉದುರುತ್ತದೆ. ಕೌದಿ, ಜಮಖಾನಗಳಿಗೂ ಇದೇ ಕ್ರಮ, ಉಳಿದದ್ದಕ್ಕೆ ಚೊಂಬು.

ಪಾಲಿಯೆಸ್ಟರ್, ನೈಲಾನ್ ಬಟ್ಟೆಗಳು ಕೂಡ ಪ್ಲಾಸ್ಟಿಕ್ಕಿನ ಬಳಗವೇ. ಕೆಂಡದ ಪೆಟ್ಟಿಗೆ ತಾಗಿದರೆ ಕರಗಿ ತೂತಾಗುತ್ತವೆ. ಶಾಲೆಯ ಸಮವಸ್ತ್ರದ ಟೆರಿಕಾಟ್‌ನಲ್ಲೂ ಇದರ ಪಾಲಿದೆ. ಬಟ್ಟೆ ಯಾವುದೆಂದು ತಿಳಿಯದಿದ್ದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಕಡ್ಡಿ ಗೀರಿ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್ ಮುದುಡಿ, ಕರಗಿ, ಗಟ್ಟಿ ಗುಂಡಾಗಿ ಉಳಿಯುತ್ತದೆ. ರೇಷ್ಮೆಯೆಂದು ಹೇಳಿ ಮಾರಿದ ಸೀರೆ ಗುಂಡಾಗಿ ಉಳಿದರೆ ಆಶ್ಚರ್ಯಪಡಬೇಡಿ.

ಸೊಳ್ಳೆಪರದೆಯ ಮೇಲೆ ಮೇಣ ಬಿದ್ದಿದ್ದರೆ ಮುರಿದು ಉದುರಿಸಿದರೆ ಸಾಕು. ಆರೋಗ್ಯ ಇಲಾಖೆಯವರು ಹಂಚುವ, ಔಷಧಿ ಸೇರಿಸಿದ ಪರದೆಗೆ ಬಿಸಿನೀರು, ಇಸ್ತ್ರಿ, ಬ್ಲೀಚಿಂಗ್ ಪುಡಿ ಯಾವುದೂ ಸಲ್ಲದು. ಆದರೆ ಪರದೆಯ ಮೇಲೆ ಮೇಣ ಬಿದ್ದಿದೆ ಎಂದರೆ ಉರಿಯುವ ಬತ್ತಿ ಪರದೆಯ ಪಕ್ಕಕ್ಕೆ ಬಂದಿತ್ತು ಎಂದೇ ಅರ್ಥ. ಪರದೆ ಕ್ಷಣಮಾತ್ರದಲ್ಲಿ ಹತ್ತಿಕೊಳ್ಳುತ್ತದೆ, ಕರಗಿದ ಹನಿಗಳು ಮಲಗಿದವರ ಮೈಗೆ ಅಂಟುತ್ತವೆ. ಅಲ್ಲಿ ಬ್ಯಾಟರಿ ಇಡಿ, ಬತ್ತಿ ಬೇಡ.

ಪೆಟ್ರೋಲು ಏಕೆ ಕೂಡದು?

ಮೇಣವನ್ನು ಪೆಟ್ರೋಲು ಕರಗಿಸುತ್ತದೆ, ಅದು ಸುಳ್ಳಲ್ಲ. ಬೈಕಿನ ಟ್ಯಾಂಕಿನಿಂದ ಸ್ವಲ್ಪ ತೆಗೆದು ಅರಿವೆಯಲ್ಲಿ ಅದ್ದಿ ಒರೆಸುವ ಅಭ್ಯಾಸ ಬಹಳ ಕಡೆ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ಪಕ್ಕದ ಕೋಣೆಯ ಒಲೆಯ ತನಕ ಹೋಗಬಲ್ಲದು. ಅಲ್ಲಿ ಹತ್ತಿದ ಬೆಂಕಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮನೆಯೊಳಗೆ ಪೆಟ್ರೋಲು ತರಲೇಕೂಡದು. ಮಚ್ಚೆ ಉಳಿದೇ ಉಳಿದರೆ, ಬಣ್ಣದ ಅಂಗಡಿಯ ಟರ್ಪೆಂಟೈನನ್ನು ಹತ್ತಿಯಲ್ಲಿ ನಾಲ್ಕು ಹನಿ ಅದ್ದಿ ಹೊರಗಿನಿಂದ ಒಳಕ್ಕೆ ತಟ್ಟಬಹುದು. ಅದೂ ಹತ್ತಿಕೊಳ್ಳುವ ವಸ್ತುವೇ. ಹಗಲು ಹೊತ್ತಿನಲ್ಲಿ, ಅಂಗಳದಲ್ಲಿ, ಬೀಡಿ ಒಲೆಗಳಿಂದ ದೂರದಲ್ಲಿ ಮಾಡಬೇಕು. ಸೋಪಿನಿಂದ ಒಗೆದು ಪೂರ್ತಿ ಒಣಗುವ ತನಕ ಇಸ್ತ್ರಿ ತಾಗಿಸಬಾರದು.

ಹತ್ತಿಯ ಬಟ್ಟೆಗೆ ಇಷ್ಟೂ ಬೇಕಿಲ್ಲ. ಒಂದು ತೊಟ್ಟು ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಮಚ್ಚೆಗೆ ತಿಕ್ಕಿ ಕಾಲು ಗಂಟೆ ಬಿಡಿ. ಮೇಣ ಎಣ್ಣೆಯೊಡನೆ ಬೆರೆತು ಮೆತ್ತಗಾಗುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪನ್ನು ಒಣಗಿದಂತೆಯೇ ತಿಕ್ಕಿ, ಬಿಸಿನೀರಿನಲ್ಲಿ ಒಗೆಯಿರಿ. ಹಲಸಿನ ಹಣ್ಣು ಬಿಡಿಸುವವರಿಗೆ ಇದು ಹೊಸದೇನಲ್ಲ. ಹಲಸಿನ ಮೇಣವೂ ಬತ್ತಿಯ ಮೇಣವೂ ಹೆಸರಿಗೆ ಒಂದೇ, ಗುಣ ಬೇರೆ. ಆದರೂ ಎಣ್ಣೆಗೆ ಎರಡೂ ಸೋಲುತ್ತವೆ. ಹಲಸಿನ ಮೇಣಕ್ಕೆ ಇಸ್ತ್ರಿ ಮಾತ್ರ ಬೇಡ, ಬಿಸಿಗೆ ಅದು ಇನ್ನಷ್ಟು ಅಂಟಾಗುತ್ತದೆ. ಗಾಡಿಯ ಕೀಲೆಣ್ಣೆ, ಟ್ರಾಕ್ಟರಿನ ಗ್ರೀಸು ತಾಗಿದ ಪಂಚೆಗೂ ಎಣ್ಣೆ-ಸೋಪಿನ ಈ ಉಪಾಯ ನಡೆಯುತ್ತದೆ. ಜೇನುಮೇಣ ಸುಮಾರು 63 ಡಿಗ್ರಿಗೆ ಕರಗುವುದರಿಂದ ಅದಕ್ಕೆ ಚೊಂಬೇ ಸಾಕು.

ಬಣ್ಣದ ಬತ್ತಿಯಾಗಿದ್ದರೆ ಮೇಣ ಹೋದ ಮೇಲೂ ಕೆಂಪೋ ಹಸಿರೋ ಛಾಯೆ ನಿಲ್ಲಬಹುದು. ಔಷಧಿ ಅಂಗಡಿಯ ಸ್ಪಿರಿಟ್ಟನ್ನು ಹತ್ತಿಯಲ್ಲಿ ಅದ್ದಿ ತಟ್ಟಿ ನೋಡಿ. ಇದಕ್ಕೂ ಬೆಂಕಿಯ ಎಚ್ಚರಿಕೆ ಬೇಕು, ಮೂಲೆಯಲ್ಲಿ ಪರೀಕ್ಷೆಯೂ ಬೇಕು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ತಿಳಿನೀರು ಬಿಳಿ ಹತ್ತಿಗೆ ಮಾತ್ರ.

ಮೈಮೇಲೆ ಬಿಸಿ ಮೇಣ ಬಿದ್ದರೆ ಬಟ್ಟೆಯ ಚಿಂತೆ ಬಿಟ್ಟು ಆ ಜಾಗಕ್ಕೆ 20 ನಿಮಿಷ ತಣ್ಣೀರು ಸುರಿಯಿರಿ. ಅಂಟಿದ ಮೇಣವನ್ನು ಕೀಳಬೇಡಿ. ಮಸಿ, ಹಲ್ಲುಜ್ಜುವ ಪೇಸ್ಟು ಬಳಿಯಬೇಡಿ. ಗುಳ್ಳೆ ಎದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ.

ಕೆರೆದ ಮೇಣವನ್ನು ಎಸೆಯುವ ಅಗತ್ಯವಿಲ್ಲ. ಒಂದು ಡಬ್ಬಿಯಲ್ಲಿ ಕೂಡಿಟ್ಟರೆ ಗೋಣಿಚೀಲ ಹೊಲಿಯುವ ದಾರಕ್ಕೆ ಸವರಲು, ಬಿಗಿಯಾದ ಪೆಟ್ಟಿಗೆಯ ಅರೆ ಸರಾಗವಾಗಿ ಜಾರಲು ಬರುತ್ತದೆ. ಕರಗಿಸಬೇಕಾದರೆ ಡಬ್ಬಿಯನ್ನು ನೀರಿರುವ ಪಾತ್ರೆಯೊಳಗೆ ಇಟ್ಟು ಬಿಸಿಮಾಡಿ. ನೇರವಾಗಿ ಒಲೆಯ ಮೇಲಿಟ್ಟರೆ ಮೇಣ ಹತ್ತಿಕೊಳ್ಳಬಹುದು. ಹಾಗೆ ಹತ್ತಿದ ಮೇಣಕ್ಕೆ ನೀರು ಹೊಯ್ದರೆ ಉರಿ ಮುಖಕ್ಕೆ ಚಿಮ್ಮುತ್ತದೆ. ಮೇಲೆ ತಟ್ಟೆ ಮುಚ್ಚಿ ಒಲೆ ಆರಿಸಬೇಕು. ಮುಂದಿನ ಸಲ ಬತ್ತಿಯನ್ನು ಕೈಯಲ್ಲಿ ಹಿಡಿದು ಓಡಾಡುವ ಬದಲು ಅರ್ಧ ಮರಳು ತುಂಬಿದ ಚಿಪ್ಪಿನಲ್ಲಿ ನಿಲ್ಲಿಸಿದರೆ, ಹನಿಗಳು ಮರಳಿನಲ್ಲೇ ಉಳಿಯುತ್ತವೆ.